ಸಿಲಿಕಾನ್ ಕಣಿವೆಯ ನೆಲದಡಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್ ಪಟ್ಟಣದಲ್ಲಿ ಬೆಳಗಿನ ಆರೂವರೆಗೆ ರಸ್ತೆಗಿಳಿದರೆ ಮೊದಲು ಎದುರಾಗುವವರು ಭಾರತದಿಂದ ಬಂದ ಅಪ್ಪ-ಅಮ್ಮಂದಿರು. ತಲೆಗೆ ಮಂಕಿ ಕ್ಯಾಪು, ಸೀರೆಯ ಮೇಲೊಂದು ಸ್ವೆಟರು, ಕಾಲಿಗೆ ಮಗ ಕೊಡಿಸಿದ ಬಿಳಿ ಷೂ. ಮಲ್ಲೇಶ್ವರದಿಂದಲೋ, ಮೈಸೂರಿನ ಸರಸ್ವತಿಪುರದಿಂದಲೋ ಆರು ತಿಂಗಳ ಮಟ್ಟಿಗೆ ಬಂದಿರುವ ಇವರಿಗೆ ಹಗಲೆಲ್ಲ ಕಳೆಯುವುದೇ ಕಷ್ಟ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಹೀಗಾಗಿ ವಾಕಿಂಗ್ ನಿಧಾನ. ಕಣ್ಣಿಗೆ ಬಿದ್ದದ್ದನ್ನೆಲ್ಲ ನಿಂತು ನೋಡುವಷ್ಟು ಪುರುಸೊತ್ತು.

ಅಂಥ ನೋಟಕ್ಕೆ ಮಾತ್ರ ಸಿಗುವ ಒಂದು ವಸ್ತು ಅಲ್ಲಿನ ರಸ್ತೆಗಳಲ್ಲಿದೆ. ಊಟದ ತಟ್ಟೆಯಷ್ಟು ಅಗಲದ ಕಬ್ಬಿಣದ ಮುಚ್ಚಳ. ನೆಲದ ಮಟ್ಟಕ್ಕೇ ಕೂರಿಸಿ, ಬೋಲ್ಟು ಹಾಕಿ ಬಿಗಿದಿರುತ್ತಾರೆ. ಮೇಲೆ ‘ಮಾನಿಟರಿಂಗ್ ವೆಲ್’ ಎಂಬ ಅಕ್ಷರಗಳು. ಚರಂಡಿಯದಲ್ಲ, ಟೆಲಿಫೋನಿನದೂ ಅಲ್ಲ. ಒಂದು ಬೀದಿಯಲ್ಲಿ ಇಲ್ಲವೇ ಇಲ್ಲ, ಪಕ್ಕದ ಬೀದಿಯಲ್ಲಿ ಮೂರು ನಾಲ್ಕು. ‘ಇದೇನಪ್ಪ ಇದು?’ ಎಂದು ಮಗನನ್ನು ಕೇಳಿದರೆ ‘ಏನೋ ನೀರಿಂದು ಇರಬೇಕು ಅಪ್ಪ’ ಎಂಬ ಉತ್ತರವೇ ಹೆಚ್ಚು. ಮಗನದೇನೂ ತಪ್ಪಿಲ್ಲ. ಹತ್ತು ವರ್ಷದಿಂದ ಅದರ ಮೇಲೆ ಕಾರು ಓಡಿಸಿದವರೂ ಅದೇನೆಂದು ಕೇಳಿರುವುದಿಲ್ಲ.

ಉತ್ತರ ಸಿಗುವುದು ಒಂದು ನಕ್ಷೆಯಲ್ಲಿ. ಕ್ಯಾಲಿಫೋರ್ನಿಯಾ ರಾಜ್ಯದ ಜಲಸಂಪನ್ಮೂಲ ನಿಯಂತ್ರಣ ಮಂಡಲಿ ‘ಜಿಯೋಟ್ರ್ಯಾಕರ್’ ಎಂಬ ಹೆಸರಿನಲ್ಲಿ ಇದನ್ನು ಇಂಟರ್‌ನೆಟ್ಟಿನಲ್ಲಿಟ್ಟಿದೆ. ಹಣ ಕೊಡಬೇಕಿಲ್ಲ, ಹೆಸರು ಹೇಳಬೇಕಿಲ್ಲ. ಮನೆಯ ವಿಳಾಸ ಬರೆದು ಒಂದು ಗುಂಡಿ ಒತ್ತಿದರೆ ಸಾಕು. ರಸ್ತೆ, ಶಾಲೆ, ಉದ್ಯಾನಗಳ ಚಿತ್ರದ ಮೇಲೆ ಚುಕ್ಕಿಗಳು ಮೂಡುತ್ತವೆ. ಒಂದೊಂದು ಚುಕ್ಕಿಯೂ ನೆಲಕ್ಕೋ ಅಂತರ್ಜಲಕ್ಕೋ ವಿಷ ಸೇರಿದ ಒಂದೊಂದು ಜಾಗ.

ಹಣ್ಣಿನ ತೋಟ, ಆಮೇಲೆ ಚಿಪ್ಪು

ಈ ಕಣಿವೆಯ ಸರ್ಕಾರಿ ಹೆಸರು ಸಾಂತಾ ಕ್ಲಾರಾ. ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಜೌಗು, ಪಶ್ಚಿಮಕ್ಕೆ ಹಸಿರು ಬೆಟ್ಟಸಾಲು, ಪೂರ್ವಕ್ಕೆ ಬೇಸಿಗೆಯಲ್ಲಿ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗುವ ಗುಡ್ಡಗಳು. ನಡುವೆ ಸಾವಿರಾರು ವರ್ಷಗಳಿಂದ ಹೊಳೆಗಳು ತಂದು ಸುರಿದ ಮಣ್ಣು. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಏಪ್ರಿಕಾಟ್, ಚೆರ್ರಿ, ಪ್ರೂನ್ ಮರಗಳು. ವಸಂತದಲ್ಲಿ ಕಣಿವೆಯೆಲ್ಲ ಬಿಳಿ ಹೂವು. ಮನಸ್ಸಿಗೆ ಮುದ ನೀಡುವ ಕಣಿವೆ ಎಂಬ ಅರ್ಥದ ಹೆಸರೇ ಇದಕ್ಕಿತ್ತು. ಆ ಹಣ್ಣು ಡಬ್ಬಿಗಳಲ್ಲಿ ತುಂಬಿ ಲೋಕಕ್ಕೆಲ್ಲ ಹೋಗುತ್ತಿತ್ತು.

1957ರಲ್ಲಿ ಎಂಟು ಮಂದಿ ತಜ್ಞರು ಮೌಂಟನ್ ವ್ಯೂ ಊರಿನ ಶಾಕ್ಲಿ ಪ್ರಯೋಗಾಲಯ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪೆನಿ ಕಟ್ಟಿದರು. ಅದರಿಂದ ಹೊರಬಿದ್ದವರು ಮತ್ತಷ್ಟು ಕಂಪೆನಿ ಕಟ್ಟಿದರು. ಮರಗಳು ಉರುಳಿದವು, ಒಂದೇ ಅಂತಸ್ತಿನ, ಮುಂದೆ ಹುಲ್ಲುಹಾಸಿದ್ದ, ಕಾಲೇಜಿನಂಥ ಕಟ್ಟಡಗಳು ಎದ್ದವು. ಚಿಮಣಿ ಇಲ್ಲ, ಹೊಗೆ ಇಲ್ಲ, ಸೈರನ್ ಇಲ್ಲ. ಒಳಗೆ ಕೆಲಸ ಮಾಡುವವರು ಧೂಳಿನ ಕಣ ಬೀಳದಂತೆ ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಡುತ್ತಿದ್ದರು. ಜಗತ್ತಿನಲ್ಲಿ ಇಷ್ಟು ಶುಭ್ರವಾದ ಕೈಗಾರಿಕೆ ಬೇರೆ ಇಲ್ಲವೆಂದು ಎಲ್ಲರೂ ನಂಬಿದರು. ಆ ಉಡುಪು ಇದ್ದದ್ದು ಚಿಪ್ಪನ್ನು ಮನುಷ್ಯನಿಂದ ಕಾಪಾಡಲು, ಮನುಷ್ಯನನ್ನು ಚಿಪ್ಪಿನ ರಾಸಾಯನಿಕಗಳಿಂದ ಕಾಪಾಡಲು ಅಲ್ಲ ಎಂಬುದು ಹೊಳೆಯಲು ಸಮಯ ಹಿಡಿಯಿತು.

ಸಿಲಿಕಾನ್ ಬಿಲ್ಲೆಗಳ ಮೇಲಿನ ಜಿಡ್ಡು ತೆಗೆಯಲು ಬಳಸುತ್ತಿದ್ದ ದ್ರಾವಕಗಳಲ್ಲಿ ಮುಖ್ಯವಾದದ್ದು ಟ್ರೈಕ್ಲೋರೋಎಥಿಲೀನ್, ಚಿಕ್ಕದಾಗಿ ಟಿಸಿಇ. ಬಣ್ಣವಿಲ್ಲದ, ತುಸು ಸಿಹಿ ವಾಸನೆಯ ದ್ರವ. ಬಳಸಿ ಉಳಿದದ್ದನ್ನು ನೆಲದೊಳಗೆ ಹೂತ ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಬೆಂಕಿಯ ಭಯಕ್ಕೆ ಅದೇ ಸುರಕ್ಷಿತವೆಂದು ಲೆಕ್ಕ, ನೋಟಕ್ಕೂ ಚೆಂದ. ತೊಟ್ಟಿ ತುಕ್ಕು ಹಿಡಿಯಿತು, ಕೊಳವೆಯ ಕೀಲು ಸಡಿಲವಾಯಿತು. ಟಿಸಿಇ ನೀರಿಗಿಂತ ಭಾರ. ಎಣ್ಣೆಯಂತೆ ಮೇಲೆ ತೇಲುವುದಿಲ್ಲ. ಅಂತರ್ಜಲದೊಳಗೆ ಮುಳುಗುತ್ತ ಮುಳುಗುತ್ತ ಜೇಡಿಮಣ್ಣಿನ ಪದರ ಸಿಗುವವರೆಗೆ ಇಳಿಯುತ್ತದೆ. ಕೆಲವೆಡೆ ಆ ಪದರವನ್ನೂ ದಾಟಲು ಅದಕ್ಕೆ ಸಿದ್ಧ ದಾರಿಯೇ ಇತ್ತು. ಮರ ಕಡಿದವರು ಮುಚ್ಚದೆ ಬಿಟ್ಟ ಹಳೆಯ ತೋಟದ ಬಾವಿಗಳು!

ಚುಕ್ಕಿಯಿಂದ ಚುಕ್ಕಿಗೆ

ನಕ್ಷೆಯನ್ನು ಮೊದಲ ಸಲ ತೆರೆದವರಿಗೆ ಗಾಬರಿಯಾಗುವುದು ಸಹಜ. ಇಡೀ ಕಣಿವೆಗೆ ಸಿಡುಬು ಎದ್ದಂತೆ ಕಾಣುತ್ತದೆ. ಆದರೆ ಒಂದೊಂದಾಗಿ ಒತ್ತಿ ನೋಡಿದರೆ ಚುಕ್ಕಿಗಳಲ್ಲಿ ಬಹುಪಾಲು ಪೆಟ್ರೋಲ್ ಬಂಕುಗಳು. ಈಗಿರುವವು, ಎಂದೋ ಮುಚ್ಚಿಹೋದವು. ಅವುಗಳ ನೆಲದಡಿಯ ತೊಟ್ಟಿ ಸೋರಿ ಬೆಂಜೀನ್ ಮಣ್ಣಿಗಿಳಿದ ಪ್ರಕರಣಗಳು. ಹೆಚ್ಚಿನವುಗಳ ಮುಂದೆ ‘ಪೂರ್ಣಗೊಂಡಿದೆ, ಪ್ರಕರಣ ಮುಕ್ತಾಯ’ ಎಂಬ ಷರಾ ಇರುತ್ತದೆ. ಇಂಥ ಬಂಕುಗಳ ಬಳಿಯ ಕಬ್ಬಿಣದ ಮುಚ್ಚಳದ ಮೇಲೆ ‘ತುಂಬಬೇಡಿ’ ಎಂದು ಬರೆದಿರುವುದೂ ಉಂಟು. ಟ್ಯಾಂಕರ್ ಡ್ರೈವರ್ ಪೆಟ್ರೋಲ್ ತೊಟ್ಟಿಯ ಬಾಯಿ ಎಂದುಕೊಂಡು ವೀಕ್ಷಣಾ ಬಾವಿಗೇ ಪೆಟ್ರೋಲ್ ಸುರಿದಾನು ಎಂಬ ಭಯ!

ಸನ್ನಿವೇಲಿನ ಡ್ವೇನ್ ಅವೆನ್ಯೂ ಸುತ್ತಮುತ್ತ ಬಂದರೆ ಕಥೆ ಬೇರೆ. ಅಲ್ಲಿ ಸಿಗ್ನೆಟಿಕ್ಸ್, ಎಎಂಡಿ, ಟಿಆರ್‌ಡಬ್ಲ್ಯು ಎಂಬ ಮೂರು ಕಂಪೆನಿಗಳ ಘಟಕಗಳು ಅಕ್ಕಪಕ್ಕದಲ್ಲಿದ್ದವು. ಮೂರರ ಸೋರಿಕೆಯೂ ನೆಲದಡಿ ಒಂದಾಗಿ, ಉತ್ತರಕ್ಕೆ ಮನೆಗಳ ಮತ್ತು ಶಾಲೆಗಳ ಕೆಳಗೆ ಹರಿಯಿತು. ಕಡತಗಳಲ್ಲಿ ಇದಕ್ಕೆ ‘ಟ್ರಿಪಲ್ ಸೈಟ್’ ಎಂದೇ ಹೆಸರು. ವಾಕಿಂಗ್ ಹೋದವರು ಕಂಡ ಮುಚ್ಚಳಗಳ ರಹಸ್ಯ ಬಯಲಾಗುವುದು ಇಂಥ ಕಡೆ. ಕೊಳವೆಬಾವಿಗಳ ಸಾಲು ಮಲಿನ ನೀರಿನ ಅಂಚನ್ನು ಹಿಡಿದುಕೊಂಡೇ ಸಾಗುತ್ತದೆ. ಅಂಚು ಎಲ್ಲಿ ಮುಗಿಯಿತೋ ಅಲ್ಲಿಂದಾಚೆಯ ಬೀದಿಗೆ ಬಾವಿ ಬೇಕಿಲ್ಲ.

ಚುಕ್ಕಿಯ ಮೇಲೆ ಒತ್ತಿದಾಗ ತೆರೆದುಕೊಳ್ಳುವ ಕಡತ ಮಾತ್ರ ಸುಲಭದ ಓದಲ್ಲ. ನೂರಾರು ಪುಟಗಳ ವರದಿಗಳು, ಬಾವಿಯ ಆಳ, ನೀರಿನ ಮಟ್ಟ, ಪ್ರಯೋಗಾಲಯದ ಕೋಷ್ಟಕ. ಅಂಕಿಯ ಹಿಂದೆ ‘ಗಿಂತ ಕಡಿಮೆ’ ಎಂಬ ಗುರುತಿದ್ದರೆ ಉಪಕರಣಕ್ಕೆ ಸಿಗುವಷ್ಟೂ ಇಲ್ಲವೆಂದು ಅರ್ಥ. ಕುಡಿಯುವ ನೀರಿನಲ್ಲಿ ಟಿಸಿಇಗೆ ಅಮೆರಿಕದ ಮಿತಿ ಒಂದು ಲೀಟರಿಗೆ 5 ಮೈಕ್ರೋಗ್ರಾಂ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ, 6000 ಲೀಟರಿನ 33 ಟ್ಯಾಂಕರ್ ನೀರಿಗೆ ಒಂದು ಗ್ರಾಂ! ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ನಕ್ಷೆ ತೋರಿಸುವ ಈ ಮೇಲುಪದರದ ಅಂತರ್ಜಲ ಅಲ್ಲಿನ ಮನೆಗಳ ನಲ್ಲಿಗೆ ಬರುವುದಿಲ್ಲ. ನಲ್ಲಿ ನೀರಿನ ಮೂಲ ಬೇರೆ, ಪರೀಕ್ಷೆ ಬೇರೆ. ಚುಕ್ಕಿ ಕಂಡೊಡನೆ ಬಾಟಲಿ ನೀರಿಗೆ ಓಡುವವರು ಇದನ್ನು ಓದದೇ ಬಿಡುತ್ತಾರೆ.

ಹಾಗಾದರೆ ಚಿಂತೆ ಏಕೆ? ಅದಕ್ಕೆ ಪಕ್ಕದ ಮೌಂಟನ್ ವ್ಯೂಗೆ ನಕ್ಷೆಯನ್ನು ಜರುಗಿಸಬೇಕು. ಮಿಡ್ಲ್‌ಫೀಲ್ಡ್, ಎಲಿಸ್, ವಿಸ್ಮನ್ ಎಂಬ ಮೂರು ರಸ್ತೆಗಳ ನಡುವಣ ಈ ಜಾಗವನ್ನು ಸೆಮಿಕಂಡಕ್ಟರಿನ ತೊಟ್ಟಿಲು ಎನ್ನಬಹುದು. ಫೇರ್‌ಚೈಲ್ಡ್, ರೇಥಿಯಾನ್ ಇಲ್ಲಿದ್ದವು. 1968ರಲ್ಲಿ ಹುಟ್ಟಿದ ಇಂಟೆಲ್ ತನ್ನ ಮೊದಲ ಘಟಕವನ್ನು ಮಿಡ್ಲ್‌ಫೀಲ್ಡ್ ರಸ್ತೆಯ ಒಂದು ಹಳೆಯ ಕಟ್ಟಡದಲ್ಲಿ ಹೂಡಿತು. ಆ ಕಟ್ಟಡ ಅದಕ್ಕೆ ಮೊದಲು ಯೂನಿಯನ್ ಕಾರ್ಬೈಡ್ ಕಂಪೆನಿಯದಾಗಿತ್ತು ಎಂಬುದು ಭಾರತದವರ ಕಿವಿಗೆ ಬೇರೆ ರೀತಿಯಲ್ಲೇ ಕೇಳಿಸೀತು. ಇಲ್ಲಿನ ಮಲಿನ ಜಲ ನಾಲಗೆಯ ಆಕಾರದಲ್ಲಿ ಉತ್ತರಕ್ಕೆ ಚಾಚಿ, ಹೆದ್ದಾರಿಯ ಅಡಿಯಲ್ಲಿ ನುಸುಳಿ, ಮಾಫೆಟ್ ವಿಮಾನ ನೆಲೆಯ ಕೆಳಗೂ ಸೇರಿದೆ. ಶುದ್ಧೀಕರಣದ ಯೋಜನೆಗೆ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆ 1989ರಲ್ಲಿ ಸಹಿ ಹಾಕಿತು. ಅಂದಿನಿಂದ ನೀರನ್ನು ಮೇಲೆತ್ತುವುದು, ಸೋಸುವುದು ನಡೆದೇ ಇದೆ.

ನೆಲದಡಿಯ ಟಿಸಿಇ ನೀರಾಗಿ ಬರದಿದ್ದರೂ ಆವಿಯಾಗಿ ಬರಬಲ್ಲದು. ಕಾಂಕ್ರೀಟಿನ ಬಿರುಕು, ಕೊಳವೆ ಸುತ್ತಲಿನ ಸಂದು ಸಿಕ್ಕರೆ ಸಾಕು, ಮನೆಯೊಳಗಿನ ಗಾಳಿಗೆ ಸೇರುತ್ತದೆ. ಟಿಸಿಇ ಕ್ಯಾನ್ಸರಿಗೆ ಕಾರಣವೆಂದು ಅದೇ ಸಂಸ್ಥೆ 2011ರಲ್ಲಿ ಹೇಳಿತು. ಗರ್ಭದ ಮೊದಲ ವಾರಗಳಲ್ಲಿ ಅಲ್ಪಕಾಲ ಸೋಂಕಿದರೂ ಶಿಶುವಿನ ಹೃದಯಕ್ಕೆ ತೊಂದರೆಯಾದೀತೆಂಬ ಆತಂಕವೂ ಇದೆ. 2012ರ ಕೊನೆಗೆ ಇದೇ ಪ್ರದೇಶದ ಗೂಗಲ್ ಕಚೇರಿಗಳ ಗಾಳಿಯಲ್ಲಿ ಟಿಸಿಇ ಮಿತಿ ಮೀರಿತು. ಗಾಳಿಯಾಡುವ ವ್ಯವಸ್ಥೆಯನ್ನು ಬದಲಿಸುವ ಕೆಲಸ ನಡೆದಿದ್ದಾಗ ಆದದ್ದು ಇದು. ಸರಿಹೋಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಲೋಕದ ನಕ್ಷೆಗಳನ್ನೆಲ್ಲ ಅಂಗೈಗೆ ತಂದುಕೊಟ್ಟ ಕಂಪೆನಿಯ ಉದ್ಯೋಗಿಗಳೂ ತಮ್ಮ ಕುರ್ಚಿಯ ಕೆಳಗೆ ಏನಿದೆ ಎಂದು ನೋಡಬೇಕಾಯಿತು.

ಅದೇ ಸುಮಾರಿಗೆ ಹತ್ತಿರದ ಇವಾಂಡೇಲ್ ಅವೆನ್ಯೂದಲ್ಲಿ ಇನ್ನೊಂದು ಸಂಗತಿ ಹೊರಬಂತು. ಜನ ವಾಸಿಸುವ ಬೀದಿ ಅದು. ಅಧಿಕಾರಿಗಳು ಬರೆದಿದ್ದ ಮಲಿನ ಜಲದ ಗೆರೆಯಿಂದ ಹೊರಗಿತ್ತು. ಅಲ್ಲಿಯೂ ಟಿಸಿಇ ಸಿಕ್ಕಿತು! ವರ್ಷಗಟ್ಟಲೆ ನಕ್ಷೆ ನೋಡಿ ‘ನಮ್ಮ ಮನೆ ಗೆರೆಯಾಚೆ’ ಎಂದು ನಿಶ್ಚಿಂತರಾಗಿದ್ದವರ ಸ್ಥಿತಿ ಏನಾಗಿರಬೇಕು? ಚುಕ್ಕಿ ಇದೆಯೆಂದರೆ ಅಲ್ಲಿ ಯಾರೋ ಅಗೆದು ನೋಡಿದ್ದಾರೆ ಎಂದಷ್ಟೇ. ಇಲ್ಲವೆಂದರೆ ನೆಲ ಶುದ್ಧವಾಗಿರಬಹುದು, ಅಥವಾ ಅಲ್ಲಿ ಯಾರೂ ಅಗೆಯದೇ ಇರಬಹುದು. ಎರಡೂ ನಕ್ಷೆಯಲ್ಲಿ ಒಂದೇ ಬಣ್ಣ.

ಸೋಸಿದ ವಿಷ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನಕ್ಷೆ ತೋರಿಸುವುದಿಲ್ಲ. ಮೇಲೆತ್ತಿದ ನೀರಿನ ಟಿಸಿಇಯನ್ನು ಇದ್ದಿಲು ಹೀರಿಕೊಳ್ಳುತ್ತದೆ. ಇದ್ದಿಲು ತುಂಬಿತೆಂದರೆ ಲಾರಿ ಹತ್ತಬೇಕು. ಮೌಂಟನ್ ವ್ಯೂ ಇದ್ದಿಲು ನೂರಾರು ಮೈಲಿ ದೂರದ ಅರಿಜೋನಾದ ಪಾರ್ಕರ್ ಎಂಬಲ್ಲಿಗೆ, ಕೊಲರಾಡೋ ನದಿಯ ಮೂಲನಿವಾಸಿಗಳ ನೆಲದಲ್ಲಿರುವ ಕುಲುಮೆಗೆ ಹೋಗುತ್ತಿದ್ದುದನ್ನು ಪತ್ರಕರ್ತರು 2014ರಲ್ಲಿ ಬೆನ್ನಟ್ಟಿ ಬರೆದರು. ಒಂದೂರಿನ ಚುಕ್ಕಿ ಅಳಿಸಲು ಇನ್ನೊಂದೂರಿನಲ್ಲಿ ಬೆಂಕಿ ಉರಿಯಬೇಕು.

ಬರ್ನಲ್ ರಸ್ತೆಯ ಬಾವಿ

ನಕ್ಷೆ ಹುಟ್ಟಿದ ಕಥೆ ಗೊತ್ತಾಗಬೇಕಾದರೆ ದಕ್ಷಿಣಕ್ಕೆ, ಕಾರಿನಲ್ಲಿ ಅರ್ಧ ಗಂಟೆಯ ದಾರಿ, ಸ್ಯಾನ್ ಹೊಸೆ ನಗರದ ಅಂಚಿನ ಬರ್ನಲ್ ರಸ್ತೆಗೆ ಹೋಗಬೇಕು. ಫೇರ್‌ಚೈಲ್ಡ್ ಕಂಪೆನಿ 1970ರ ದಶಕದಲ್ಲಿ ಇಲ್ಲೊಂದು ಕಾರ್ಖಾನೆ ತೆರೆಯಿತು. ಸುತ್ತ ಹೊಸ ಬಡಾವಣೆಗಳು, ಎಳೆಯ ಸಂಸಾರಗಳು. 1981ರ ಕೊನೆಗೆ ನೆಲದೊಳಗಿನ ದ್ರಾವಕದ ತೊಟ್ಟಿ ಸೋರಿರುವುದು ಕಂಪೆನಿಗೆ ತಿಳಿಯಿತು. ಸುಮಾರು 2000 ಅಡಿ ದೂರದಲ್ಲಿ, ಲಾಸ್ ಪಸೇಯೋಸ್ ಬಡಾವಣೆಗೆ ಕುಡಿಯುವ ನೀರು ಕೊಡುತ್ತಿದ್ದ ಬಾವಿಯೊಂದಿತ್ತು. ಅದರಲ್ಲಿ ಟ್ರೈಕ್ಲೋರೋಈಥೇನ್ ಸಿಕ್ಕಿತು. ಬಾವಿ ಮುಚ್ಚಿದರು. ಊರಿಗೆ ಸುದ್ದಿ ಗೊತ್ತಾದದ್ದು 1982ರ ಜನವರಿಯಲ್ಲಿ, ಪತ್ರಿಕೆಯ ಮೂಲಕ.

ಹೃದಯದ ದೋಷದೊಂದಿಗೆ ಹುಟ್ಟಿದ ಹಸುಗೂಸನ್ನು ಸಾಕುತ್ತಿದ್ದ ಒಬ್ಬ ತಾಯಿ ಆ ಸುದ್ದಿ ಓದಿ ನೆರೆಹೊರೆಯವರನ್ನು ವಿಚಾರಿಸತೊಡಗಿದರು. ಆ ಮನೆಯಲ್ಲಿ ಗರ್ಭಪಾತ, ಈ ಮನೆಯಲ್ಲಿ ಮಗುವಿಗೆ ತೊಂದರೆ. ಬಡಾವಣೆಯೇ ಎದ್ದು ಕೂತಿತು. ಆರೋಗ್ಯ ಇಲಾಖೆ 1985ರಲ್ಲಿ ಕೊಟ್ಟ ವರದಿಯಲ್ಲಿ ಲಾಸ್ ಪಸೇಯೋಸ್‌ನಲ್ಲಿ ಗರ್ಭಪಾತವೂ ಹುಟ್ಟು ದೋಷಗಳೂ ನಿರೀಕ್ಷೆಗಿಂತ ಹೆಚ್ಚಾಗಿದ್ದುದು ನಿಜವೆಂದಿತ್ತು. ನೀರೇ ಕಾರಣವೆಂದು ಮಾತ್ರ ಸಾಬೀತಾಗಲಿಲ್ಲ. ಕಾರ್ಖಾನೆ 1983ರಲ್ಲೇ ಮುಚ್ಚಿತ್ತು. ನೂರಾರು ನಿವಾಸಿಗಳು ಹೂಡಿದ್ದ ದಾವೆ 1986ರಲ್ಲಿ ರಾಜಿಯಾಯಿತು. ಆ ಹೆಂಗಸರು ಕೇಳಿದ ಪ್ರಶ್ನೆಗೆ ಹೌದು ಎಂದೋ ಅಲ್ಲ ಎಂದೋ ಉತ್ತರ ಇಂದಿಗೂ ಯಾವ ಕಡತದಲ್ಲಿಯೂ ಇಲ್ಲ.

ಆದರೆ ಅವರು ಸುಮ್ಮನಿರಲಿಲ್ಲ. ಟೆಡ್ ಸ್ಮಿತ್ ಎಂಬ ವಕೀಲರು 1982ರಲ್ಲಿ ‘ಸಿಲಿಕಾನ್ ವ್ಯಾಲಿ ಟಾಕ್ಸಿಕ್ಸ್ ಕೊಯಲಿಷನ್’ ಕಟ್ಟಿದರು. ಕಾರ್ಮಿಕರು, ಬೆಂಕಿ ಆರಿಸುವ ಸಿಬ್ಬಂದಿ, ಗೃಹಿಣಿಯರು ಒಂದಾದರು. ಬೆಂಕಿ ಆರಿಸುವವರ ಕೇಳಿಕೆ ಸರಳ: ಕಟ್ಟಡದೊಳಗೆ ಯಾವ ರಾಸಾಯನಿಕವಿದೆಯೆಂದು ತಿಳಿಯದೆ ಒಳಗೆ ನುಗ್ಗುವುದು ಹೇಗೆ? 1983ರಲ್ಲಿ ಕಣಿವೆಯ ಊರುಗಳು ಹೊಸ ನಿಯಮ ತಂದವು. ಏನನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕಂಪೆನಿ ಬರೆದುಕೊಡಬೇಕು, ತೊಟ್ಟಿಗೆ ಎರಡು ಗೋಡೆ ಇರಬೇಕು. ಮರುವರ್ಷ ಡಿಸೆಂಬರಿನಲ್ಲಿ ಭೋಪಾಲ್. ಆ ಆಘಾತದ ಫಲವಾಗಿ ಅಮೆರಿಕದ ಸಂಸತ್ತು 1986ರಲ್ಲಿ ‘ಜನರಿಗೆ ತಿಳಿಯುವ ಹಕ್ಕು’ ಕಾಯಿದೆ ಮಾಡಿತು. ಕಾರ್ಖಾನೆಗಳು ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟದ್ದರ ಲೆಕ್ಕ ಸಾರ್ವಜನಿಕರ ಕೈಗೆ ಬಂತು. ಬೆರಳ ತುದಿಯಲ್ಲಿ ತೆರೆದುಕೊಳ್ಳುವ ಇಂದಿನ ನಕ್ಷೆಗಳ ಹಿಂದೆ ಸ್ಯಾನ್ ಹೊಸೆಯ ತಾಯಂದಿರಿದ್ದಾರೆ, ಭೋಪಾಲಿನ ಸತ್ತವರೂ ಇದ್ದಾರೆ.

ಕೇಂದ್ರ ಸರ್ಕಾರದ ಹೊಣೆಯಲ್ಲಿ ಶುದ್ಧಗೊಳಿಸುವ ಅತಿ ಮಲಿನ ಜಾಗಗಳಿಗೆ ‘ಸೂಪರ್‌ಫಂಡ್’ ಜಾಗ ಎನ್ನುತ್ತಾರೆ. ಸಾಂತಾ ಕ್ಲಾರಾ ಜಿಲ್ಲೆಯೊಂದರಲ್ಲೇ ಅಂಥವು 23. ಅಮೆರಿಕದ ಬೇರೆ ಯಾವ ಜಿಲ್ಲೆಯಲ್ಲೂ ಇಷ್ಟಿಲ್ಲ.

ಬರ್ನಲ್ ರಸ್ತೆಯಿಂದ ಬೆಟ್ಟದ ಕಡೆ ಹೊರಳಿದರೆ ನ್ಯೂ ಅಲ್ಮೆಡೆನ್. ಚಿಪ್ಪಿಗಿಂತ ನೂರು ವರ್ಷ ಹಿಂದಿನ ವಿಷ ಇಲ್ಲಿಯದು. ಇಂಗಳೀಕದ ಕೆಂಪು ಕಲ್ಲನ್ನು ಸುಟ್ಟು ಪಾದರಸ ತೆಗೆಯುತ್ತಿದ್ದ ಗಣಿ. ಕ್ಯಾಲಿಫೋರ್ನಿಯಾದ ಚಿನ್ನದ ಬೇಟೆಗೆ ಬೇಕಾದ ಪಾದರಸ ಇಲ್ಲಿಂದ ಹೋಯಿತು. ಈಗ ಅದು ಸೊಗಸಾದ ಉದ್ಯಾನ. ಓಕ್ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವವರಿಗೆ ಕೊರತೆಯಿಲ್ಲ. ಕೆಳಗಿನ ಜಲಾಶಯದ ಬಳಿ ಮಾತ್ರ ಎಚ್ಚರಿಕೆಯ ಫಲಕ: ಇಲ್ಲಿ ಹಿಡಿದ ಮೀನನ್ನು ತಿನ್ನಬೇಡಿ.

ಗೆರೆಯಾಚೆ

ಸನ್ನಿವೇಲ್, ಸಾಂತಾ ಕ್ಲಾರಾಗಳಲ್ಲಿ ಮನೆ ಕೊಳ್ಳುವವರು ಶಾಲೆಯ ಅಂಕ ನೋಡುತ್ತಾರೆ, ಬಾಗಿಲು ಪೂರ್ವಕ್ಕಿದೆಯೇ ನೋಡುತ್ತಾರೆ, ದೇವಸ್ಥಾನ ಎಷ್ಟು ದೂರ ಎಂದು ನೋಡುತ್ತಾರೆ. ಈ ನಕ್ಷೆ ನೋಡುವವರು ಕಡಿಮೆ. ನೋಡಿದವರಿಗೂ ಸಂಕಟವೇ. ಮನೆಯ ಹತ್ತಿರ ಚುಕ್ಕಿ ಬಂದರೆ ಬೆಲೆ ಇಳಿದೀತೆಂದು ಬಾವಿ ತೋಡುವುದೇ ಬೇಡವೆನ್ನುವ ನೆರೆಯವರೂ ಇರುತ್ತಾರೆ. ಮಗಳು ಬಸುರಿಯಾಗಿರುವ ಮನೆಯವರ ಲೆಕ್ಕ ಬೇರೆ. ಬಾಣಂತನಕ್ಕೆಂದೇ ಬೆಂಗಳೂರಿನಿಂದ ಬಂದ ಅಮ್ಮನಿಗೆ ನೆಲದಡಿಯ ಗಾಳಿಯ ವಿಷಯ ಹೇಳಬೇಕೋ ಬೇಡವೋ?

2014ರಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇದೇ ಸ್ಯಾನ್ ಹೊಸೆಯಲ್ಲಿ. ಬೆಂಗಳೂರನ್ನು ಭಾರತದ ಸಿಲಿಕಾನ್ ವ್ಯಾಲಿ ಎಂದು ಹೆಮ್ಮೆಯಿಂದ ಕರೆಯುವುದು ಅದಕ್ಕೂ ಬಹಳ ಹಿಂದಿನ ರೂಢಿ. ಹೆಸರು ತಂದವರು ಜೊತೆಗೆ ಈ ನಕ್ಷೆಯನ್ನು ತರಲಿಲ್ಲ. ಜಿಯೋಟ್ರ್ಯಾಕರ್‌ನ ಅಧಿಕಾರ ಕ್ಯಾಲಿಫೋರ್ನಿಯಾದ ಗಡಿಗೆ ಮುಗಿಯುತ್ತದೆ, ಅದು ಸಹಜವೇ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಅದರ ಗೆರೆ ಯಾವ ಬೀದಿಯಲ್ಲಿ ಮುಗಿಯುತ್ತದೆಂದು ವಿಳಾಸ ಬರೆದು ನೋಡುವ ಸೌಲಭ್ಯ ಅಲ್ಲಿನ ಬಾಡಿಗೆ ಮನೆಯವರಿಗೆ ಸಿಕ್ಕಿಲ್ಲ. 2025ರ ಜುಲೈನಲ್ಲಿ ಭಾರತ ಸರ್ಕಾರ ಮಲಿನಗೊಂಡ ಜಾಗಗಳ ನಿರ್ವಹಣೆಗೆಂದು ನಿಯಮಗಳನ್ನು ಹೊರಡಿಸಿದೆ. ಶಂಕಿತ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆಗಳು, ಜಿಲ್ಲಾಡಳಿತಗಳು ಇಂಟರ್‌ನೆಟ್ ಮೂಲಕ ಕೊಡಬೇಕೆಂದು ಅದರಲ್ಲಿದೆ. ಆದರೆ ಬಾವಿ ಬಾವಿಯ ಅಂಕಿಯನ್ನು ಕೇಳಿ ಪಡೆಯುವ ಕೆಲಸ ಅಲ್ಲಿ ಮಾಡಿದ್ದು ಬಡಾವಣೆಯ ಜನ, ಇಲಾಖೆಯಲ್ಲ.

ಟಿಸಿಇಯನ್ನು ನಿಷೇಧಿಸುವ ನಿಯಮವನ್ನು ಅಮೆರಿಕ ಹೊರಡಿಸಿದ್ದು 2024ರ ಡಿಸೆಂಬರಿನಲ್ಲಿ. ಅದರ ವಿರುದ್ಧ ಕೋರ್ಟಿಗೆ ಹೋದವರೂ ಇದ್ದಾರೆ.

ಸನ್ನಿವೇಲಿನ ಬೀದಿಗೆ ಆಗಾಗ ಒಂದು ವ್ಯಾನು ಬರುತ್ತದೆ. ಹಳದಿ ಅಂಗಿ ತೊಟ್ಟವರು ಇಳಿದು, ಕಿತ್ತಳೆ ಬಣ್ಣದ ಶಂಕುಗಳನ್ನು ಸುತ್ತ ನಿಲ್ಲಿಸಿ, ಮಂಡಿಯೂರಿ ಬೋಲ್ಟು ಬಿಚ್ಚುತ್ತಾರೆ. ಸಪೂರ ಕೊಳವೆಯೊಂದನ್ನು ಒಳಗಿಳಿಸಿ ನೀರು ಎತ್ತಿ, ಪುಟ್ಟ ಗಾಜಿನ ಸೀಸೆಗಳಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುತ್ತಾರೆ. ವಾಕಿಂಗ್ ಹೊರಟ ಹಿರಿಯರು ನಿಂತು ನೋಡಿದರೆ ‘ಗುಡ್ ಮಾರ್ನಿಂಗ್’ ಎನ್ನುತ್ತಾರೆ. ಕೇಳಿದರೆ ಎಷ್ಟು ಅಡಿಗೆ ನೀರಿದೆ ಎಂದೂ ಹೇಳುತ್ತಾರೆ. ಅಂಕಿ ಕಡತಕ್ಕೆ ಸೇರುವುದಕ್ಕೆ ಇನ್ನೂ ಸಮಯವಿರುತ್ತದೆ. ಅಷ್ಟು ಹೊತ್ತಿಗೆ ಹಿರಿಯರ ವೀಸಾ ಮುಗಿದಿರುತ್ತದೆ.